ಪಕ್ಕದ ಮನೆಯ ಬೀಗ

ಯಂತ್ರಗಳನ್ನು ಬಾಡಿಗೆಗೆ ಕೊಡುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗೋಡೆ ಕೊರೆಯುವುದು ಅವನ ಕಸುಬು. ಅಂಗಡಿಯವನು ತಂದಿಟ್ಟ ಹ್ಯಾಮರ್ ಡ್ರಿಲ್ಲಿನ ಪಕ್ಕದ ಹಿಡಿಯನ್ನು ಅವನು ಬಿಗಿ ಮಾಡಿ, ಅಲ್ಲಾಡಿಸಿ ನೋಡಿ, ಮತ್ತೆ ಬಿಗಿ ಮಾಡುತ್ತಿದ್ದ.

“ಇವತ್ತು ನಾನ್ಯಾಕೆ ಬರ್ಬೇಕು? ಮನೇಲಿ ಬೆಟ್ಟದಷ್ಟು ಕೆಲಸ ಬಿದ್ದಿದೆ.”

“ಗೋಡೆ ಆಚೆ ಕಡೆ ನಿಲ್ಲೋಕೆ ಯಾರಾದ್ರೂ ಬೇಕಲ್ಲ.”

“ಪಕ್ಕದ ಮನೆಗೆ ಬೀಗ ಹಾಕಿದೆ ಅಂದ್ರಲ್ಲ. ಡ್ರಿಲ್ಲಿನ ಬಿಟ್‌ಗೆ ಟೇಪ್ ಸುತ್ತಿ ಎಷ್ಟು ಆಳ ಅಂತ ಗುರುತು ಇಟ್ಕೊಳ್ಳಿ, ಗೋಡೆ ಆಚೆ ದಾಟಲ್ಲ.”

“ಟೇಪು ಅವತ್ತೂ ಸುತ್ತಿದ್ದೆ, ಜಾರ್ತು. ಬೀಗಾನೂ ಹಾಕಿತ್ತು.”

ಅವಳು ಡ್ರಿಲ್ಲಿನ ಮೇಲಿದ್ದ ಅವನ ಕೈ ಹಿಡಿದಳು.

“ಮಗೂನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗಿದ್ದು ಅವರಮ್ಮ. ನಿಮ್ಗೆ ಹೇಗ್ರೀ ಗೊತ್ತಾಗ್ಬೇಕು?”

“ಕೊರೆಯೋಕೆ ಮುಂಚೆ ನಾನೊಂದು ಸಲ ಕೂಗಿದ್ರೆ ಗೊತ್ತಾಗ್ತಿತ್ತು. ಗೋಡೆ ನಡುಗೋದು ಮಜಾ ಅನ್ನಿಸಿ ಪುಟ್ಟಿ ಅಂಗೈ ಒತ್ತಿಕೊಂಡು ನಿಂತಿದ್ಲಂತೆ.”

“ಕೈ ವಾಸಿಯಾಗಿ ಹದಿನೈದು ವರ್ಷ ಆಯ್ತು. ಇನ್ನಾದ್ರೂ ಬಿಟ್ಬಿಡಿ.”

“ಮೊನ್ನೆ ಬಸ್ ಸ್ಟಾಪಲ್ಲಿ ಸಿಕ್ಕಿದ್ಲು. ನಕ್ಕು, ಎಡಗೈಯಲ್ಲಿ ಟಾಟಾ ಮಾಡಿದ್ಲು. ಬಲಗೈ ಜೇಬಲ್ಲೇ ಇತ್ತು.”

“ಸರಿ, ಬರ್ತೀನಿ. ಬೀಗ ಹಾಕಿರೋ ಮನೇಲಿ ಎಲ್ಲಿ ಅಂತ ನಿಲ್ಲಲಿ?”

“ಕಿಟಕಿ ಹತ್ರ ನಿಂತು ಜೋರಾಗಿ ಕೂಗು.”

“ಏನಂತ?”

“ಪುಟ್ಟಿ, ಗೋಡೆಯಿಂದ ಕೈ ತೆಗಿ, ಅಂತ.”

“ಯಾರೂ ಓ ಅನ್ನದಿದ್ರೆ?”

“ಇನ್ನೊಂದು ಸಲ ಕೂಗು.”

ಅವನು ಡ್ರಿಲ್ಲಿನ ಪೆಟ್ಟಿಗೆ ಎತ್ತಿಕೊಂಡು ಹೊರಟ. ಅವಳು ಹಿಂದೆಯೇ ಹೋದಳು. ಅಂಗಡಿಯ ಗೋಡೆಗೆ ಕೈಯೂರಿ ನಿಂತಿದ್ದ ನಾನು ಕೈ ತೆಗೆದೆ.