ಚರ್ಮ ಹೊಲಿದರು, ನರ ನೋಡಲಿಲ್ಲ

ಹಲೋ... ಯಾರು ಮಾತಾಡುವುದು? ... ಹಾಂ? ಸ್ವಲ್ಪ ಜೋರಾಗಿ ಹೇಳಿ.

...

ಓ, ಶೀನಪ್ಪಣ್ಣನಾ? ನಾನೇ, ಶೋಧನ್. ಇಷ್ಟು ತಿಂಗಳಾದ ಮೇಲೆ ಇವತ್ತು ನೆನಪಾಯಿತಾ? ... ಅರ್ಜೆಂಟಾ? ಇರಲಿ, ಮೊದಲು ನನ್ನ ಕೈಯ ಕಥೆ ಕೇಳಿ. ಕಿರುಬೆರಳು, ಅದರ ಪಕ್ಕದ್ದು, ಎರಡೂ ಕೊಕ್ಕೆಯ ಹಾಗೆ ಮಡಚಿ ಕೂತಿವೆ. ಮೊನ್ನೆ ಇಸ್ತ್ರಿಪೆಟ್ಟಿಗೆ ತಾಗಿ ಬೆರಳು ಸುಟ್ಟಿತು. ವಾಸನೆ ಬಂದ ಮೇಲೆ ಗೊತ್ತಾದದ್ದು ನನಗೆ!

...

ಸುಮ್ಮನಿರಿ ಮಾರಾಯ್ರೆ! ಕೋಳಿ ಅಂಕದಲ್ಲಿ ನಿಮ್ಮ ಹುಂಜ ಹಿಡಿದದ್ದು ನಾನು. ಅದರ ಕಾಲಿಗೆ ಕಟ್ಟಿದ ಸಣ್ಣ ಕತ್ತಿ, ಆ ಬಾಳು, ಹೊಕ್ಕಿದ್ದು ನನ್ನ ಮಣಿಕಟ್ಟಿಗೆ. ಪೊಲೀಸರ ಹೆದರಿಕೆಗೆ ನೀವು ಡಾಕ್ಟರಿಗೆ ಹೇಳಿದ್ದೆಂತ? ಅಡಿಕೆ ಸುಲಿಯುವಾಗ ಕತ್ತಿ ತಾಗಿದ್ದು ಅಂತ. ಅಲ್ವಾ? ಗಾಯದ ಬಾಯಿ ಸಣ್ಣದು, ಅವರು ಚರ್ಮ ಹೊಲಿದು ಕಳಿಸಿದರು. ಒಳಗೆ ನರ ತುಂಡಾದದ್ದನ್ನು ಯಾರೂ ನೋಡಲಿಲ್ಲ!

...

ಎಂತ, ನನ್ನ ತಮ್ಮನಾ? ಅವನ ಮಾತು ಆಮೇಲೆ, ಮಧ್ಯೆ ಬಾಯಿ ಹಾಕಬೇಡಿ! ಮಂಗಳೂರಿನ ಡಾಕ್ಟರು ಈಗ ಹೇಳುವುದು ಕೇಳಿ. ನರ ತುಂಡಾದರೆ ಅಲ್ಲಿಂದ ಮುಂದಿನದ್ದು ಸಾಯ್ತದಂತೆ. ಅದರ ಸುತ್ತ ಆಸರೆ ಕೋಶಗಳು ಅಂತ ಉಂಟು. ಅವು ಸತ್ತದ್ದನ್ನೆಲ್ಲ ತಿಂದು ಗುಡಿಸಿ, ಸಾಲಾಗಿ ನಿಂತು, ಹೊಸ ನರಕ್ಕೆ ದಾರಿ ಮಾಡಿ ಕಾಯ್ತವಂತೆ. ಬೇಗ ಹೊಲಿದರೆ ನರ ಆ ದಾರಿ ಹಿಡಿದು ಬರ್ತದೆ. ತಿಂಗಳುಗಟ್ಟಲೆ ಬಾರದಿದ್ದರೆ ಕಾದು ಕಾದು ಅವೂ ಸೊರಗಿ ಹೋಗ್ತವೆ. ನನ್ನವು ಸೊರಗಿವೆ ಶೀನಪ್ಪಣ್ಣ! ಇನ್ನು ಕಾಲಿನ ನರ ಕತ್ತರಿಸಿ ಕೈಗೆ ಹಾಕಬೇಕು, ಅದರಲ್ಲಿ ಜೀವ ಇರುವ ಕೋಶ ಉಂಟಲ್ಲ. ಆದರೂ ಕೈ ಮೊದಲಿನ ಹಾಗಾಗ್ತದೆ ಅಂತ ಯಾರೂ ಹೇಳುವುದಿಲ್ಲ.

...

ಅಳುವುದೆಂತ? ಎದುರಿಗೆ ಸಿಕ್ಕಿ ನೀವು, ಅದೇ ಬಾಳಿನಲ್ಲಿ ನಿಮ್ಮ ಕೈ ಮೊಣಕೈವರೆಗೆ ಸೀಳಿ ಹಾಕ್ತೇನೆ! ಕೊಂದು ಹಾಕ್ತೇನೆ!

...

ಯಾರ ಕೈ? ... ಶ್ರವಣನದ್ದಾ? ನನ್ನ ತಮ್ಮನದ್ದಾ? ... ಅಂಕಕ್ಕೆ ನನ್ನ ಜಾಗದಲ್ಲಿ ಅವನನ್ನು ಕರಕೊಂಡು ಹೋದಿರಾ? ಅಯ್ಯೋ ಪಾಪಿ! ... ರಕ್ತ ನಿಲ್ಲುವುದಿಲ್ವಾ? ನಾನು ಇಷ್ಟು ಹೊತ್ತು ಬೊಬ್ಬೆ ಹೊಡಿತಾ ಇದ್ದೆನಲ್ಲ, ಬಾಯಿ ಬಿಟ್ಟು ಹೇಳಲಿಕ್ಕೆ ಆಗ್ಲಿಲ್ವಾ ನಿಮಗೆ?

...

ಬಟ್ಟೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ... ಎಂತ? ಡಾಕ್ಟರಿಗೆ ಏನು ಹೇಳುವುದು ಅಂತ ಕೇಳಲಿಕ್ಕೆ ಫೋನ್ ಮಾಡಿದ್ದಾ? ಕೋಳಿಬಾಳು ಅಂತ ಹೇಳಿ! ಒಳಗೆ ನರ ನೋಡಿ ಅಂತ ಹೇಳಿ! ... ಪೊಲೀಸರು ಬರಲಿ, ನನ್ನನ್ನೂ ಹಿಡಿಯಲಿ!

...

ಗಾಡಿಯಲ್ಲಿದ್ದೀರಾ? ಎಲ್ಲಿಗೆ ತಲುಪಿತು? ... ವಾಮದಪದವಾ? ಅದು ನಿಮ್ಮ ಮನೆ ದಾರಿ ಅಲ್ವಾ? ... ಮನೆಗೆ ಯಾಕೆ? ಪೊಲೀಸರ ಹೆದರಿಕೆಯಾ? ಆಸ್ಪತ್ರೆಗೆ ತಿರುಗಿಸಿ! ಶೀನಪ್ಪಣ್ಣ, ನಿಮ್ಮ ಕಾಲು ಹಿಡಿತೇನೆ, ಗಾಡಿ ತಿರು... ಹಲೋ? ... ಹಲೋ!