ಬೇಸಿಗೆಯಲ್ಲಿ ಹಾಸಿಗೆಯಿಲ್ಲದ ಹುಡುಗಿ

ಆಗಸ್ಟ್ ತಿಂಗಳಲ್ಲಿ ಸುರಿಯುವುದನ್ನು ಪೊರ್ಥ್‌ವೆನ್ನಿನ ಜನ ಮಳೆ ಎನ್ನುವುದಿಲ್ಲ, ಬೇಸಿಗೆ ಎನ್ನುತ್ತಾರೆ. ಅಂಥ ಬೇಸಿಗೆಯೊಂದು ಕಿಟಕಿಗೆ ಬಡಿಯುತ್ತಿದ್ದ ಸಂಜೆ ಡಿಲಿಸ್ ಅಜ್ಜಿಯ ಅಡುಗೆಮನೆಯಲ್ಲಿ ಮೂವರು ಕೂತಿದ್ದೆವು: ಅಜ್ಜಿ, ಪಕ್ಕದ ಮನೆಯ ನಿವೃತ್ತ ಅಂಚೆಯವ ಎಮ್ರಿಸ್, ಮತ್ತು ವೇಲ್ಸ್‌ನ ಆ ಕಡಲ ದಂಡೆಯಲ್ಲಿ ಬೇರೆ ಯಾವ ವಸತಿಮನೆಯೂ ತೆರೆದಿಲ್ಲದ ಕಾರಣ ಆಕೆಯ ಮಹಡಿಯ ಕೋಣೆ ಹಿಡಿದಿದ್ದ ನಾನು. ಹಾಸಿಗೆ ಬಹಳ ಒಪ್ಪವಾಗಿದೆ ಎಂದು ಹೊಗಳಿದ್ದೆ. ಅಜ್ಜಿ ಚಹಾ ಬಗ್ಗಿಸಿಕೊಟ್ಟಿದ್ದಳು. ಹೊತ್ತು ಹೋಗಲೆಂದು, ಊರಿನಲ್ಲಿ ದೆವ್ವಗಳಿವೆಯೇ ಎಂದು ಕೇಳಿದೆ.

“ಊರೇ ಸತ್ತಿದೆ, ಮತ್ತೆ ಬೇರೆ ದೆವ್ವ ಯಾಕೆ?” ಎಂದ ಎಮ್ರಿಸ್.

“ನೀನು ಬಾಯಿಗೆ ಕೇಕ್ ತುರುಕ್ಕೋ, ಮುದುಕಾ,” ಎಂದು ಅಜ್ಜಿ ನನ್ನತ್ತ ತಿರುಗಿದಳು.

“ಕೇಳಿ ಸ್ವಾಮಿ… ರೈಲು ಬರೋಕೆ ಮುಂಚೆ ಇಲ್ಲಿ ಮೀನು ಹಿಡೀತಿದ್ರು, ರೈಲು ಬಂದ ಮೇಲೆ ಜನರನ್ನ ಹಿಡಿಯೋಕೆ ಶುರು ಮಾಡಿದ್ರು. ಅಡ್ಡಾಡೋಕೆ ಕಡಲೊಳಗೆ ಉದ್ದಕ್ಕೆ ಮರದ ಕಟ್ಟೆ, ಬ್ಯಾಂಡು, ಕತ್ತೆ ಸವಾರಿ… ಇಂಗ್ಲೆಂಡಿನ ಗಿರಣಿಗಳಿಗೆ ರಜ ಬಿದ್ದ ವಾರ ದಂಡೇಲಿ ಮರಳೇ ಕಾಣ್ತಿರಲಿಲ್ಲ. ಒಂದೊಂದು ಮನೆಯೂ ವಸತಿಮನೆ. ಆದ್ರೆ ನಾವೆಲ್ಲಿ ಮಲಗ್ತೀವಿ ಅಂತ ಒಬ್ಬರಾದ್ರೂ ಕೇಳಿದ್ರಾ? ಜೂನ್ ಬಂತು ಅಂದ್ರೆ ನಮ್ಮ ಹಾಸಿಗೆಯೆಲ್ಲ ಅವರಿಗೆ. ಈ ಎಮ್ರಿಸ್ ಬೆಳೆದದ್ದೇ ಸ್ನಾನದ ತೊಟ್ಟೀಲಿ.”

“ನಲ್ಲಿ ಬೇರೆ ಸೋರ್ತಿತ್ತು,” ಎಂದ ಎಮ್ರಿಸ್.

“ಈ ಮನೆ ನಮ್ಮ ಚಿಕ್ಕಮ್ಮ ಹೆಲೆದ್‌ದು. ಗಂಡ ಯುದ್ಧದಿಂದ ಬರಲಿಲ್ಲ. ಒಬ್ಬಳೇ ಮಗಳು ಲೋವ್ರಿ, ನನ್ನ ಓರಗೆಯವಳು. ಚಳಿಗಾಲದಲ್ಲಿ ಮೇಲಿನ ಕೋಣೆ ಅವಳದು, ಬೇಸಿಗೇಲಿ ಹಿತ್ತಿಲ ಬಟ್ಟೆ ಒಗೆಯೋ ಶೆಡ್ಡು. ಬಾಡಿಗೆಯವರಿಗೆ ತನ್ನ ಹಾಸಿಗೇನ ತಾನೇ ಹಾಸಿ ಕೊಡೋಳು, ಒಂದು ಸುಕ್ಕಿಲ್ಲದ ಹಾಗೆ. ಆಮೇಲೆ ಒಂದೇ ಪ್ರಶ್ನೆ: ‘ಅಮ್ಮಾ, ಇವರು ಯಾವಾಗ ಹೋಗ್ತಾರೆ?’ ‘ಹೋದ ತಕ್ಷಣ ಕರೀತೀನಿ ಕಂದಾ.’ ಊರಿನ ಮಕ್ಕಳಿಗೆಲ್ಲ ಇನ್ನೊಂದು ಕಟ್ಟಳೆ ಇತ್ತು. ಮನೇಲಿ ಮಕ್ಕಳಿದ್ದಾರೆ ಅಂತ ಬಾಡಿಗೆಯವರಿಗೆ ಗೊತ್ತಾಗಬಾರದು. ಓಡಬಾರದು, ಅಳಬಾರದು… ಕೆಮ್ಮಬಾರದು.

“ಒಂದು ಆಗಸ್ಟಿನಲ್ಲಿ, ಇಂಥದ್ದೇ ಮಳೆ, ಅವಳಿಗೆ ಎದೆ ಕಟ್ಟಿತು. ಮನೆ ತುಂಬ ಜನ. ಚಿಕ್ಕಮ್ಮ ತಟ್ಟೆ ತೊಳೀತಾ ತೊಳೀತಾ ಹಿತ್ತಿಲಿಗೆ ಹೋಗಿ ಕಿವಿಗೊಡೋಳು… ಸದ್ದಿಲ್ಲ. ಪಾಪ, ನಿದ್ದೆ ಬಂದಿದೆ ಅಂದ್ಕೊಂಡ್ಲು. ಲೋವ್ರಿ ದಿಂಬು ಕಚ್ಚಿಕೊಂಡು ಕೆಮ್ಮು ನುಂಗ್ತಿದ್ಲು ಸ್ವಾಮಿ. ಬೆಳಿಗ್ಗೆ ಬಾಡಿಗೆಯವರಿಗೆಲ್ಲ ಮೊಟ್ಟೆ ಬಡಿಸಿ, ಆಮೇಲೆ ಇವಳಿಗೆ ಹಾಲು ತಗೊಂಡು ಹೋದ್ರೆ… ದಿಂಬು ಇನ್ನೂ ಹಲ್ಲಲ್ಲೇ ಇತ್ತು.”

ಎಮ್ರಿಸ್ ಕೇಕ್ ಕೆಳಗಿಟ್ಟ.

“ಮೇಲಿನ ಆ ಕೋಣೇನ ಚಿಕ್ಕಮ್ಮ ಮತ್ತೆ ಯಾರಿಗೂ ಕೊಡಲಿಲ್ಲ. ಕಾಲ ಬದಲಾಯ್ತು, ಜನ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋದ್ರು, ಮರದ ಕಟ್ಟೆಯ ಅರ್ಧ ಬಿರುಗಾಳಿಗೆ ಹೋಯ್ತು, ಬೀದಿಯ ಕಿಟಕಿ ಕಿಟಕೀಲೂ ‘ಕೋಣೆ ಖಾಲಿ ಇದೆ’ ಅಂತ ಬೋರ್ಡು. ಚಿಕ್ಕಮ್ಮನ ಕಿಟಕೀಲಿ ಮಾತ್ರ ‘ಖಾಲಿ ಇಲ್ಲ’. ನಗದವರು ಯಾರು? ಪ್ರತಿ ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು ಕರೆಯೋಳು, ‘ಎಲ್ಲ ಹೋದ್ರು ಲೋವ್ರಿ, ಬಾರೇ…’ ಬೆಳಿಗ್ಗೆ ಹಾಸಿಗೇಲಿ ಮಗು ಮಲಗಿದಷ್ಟು ತಗ್ಗು ಬಿದ್ದಿರೋದು. ಮುಟ್ಟಿದ್ರೆ ಬೆಚ್ಚಗೆ. ಆ ಬಿಸುಪಿನ ಮೇಲೇ ಬದುಕಿದ್ಲು ಅವಳು, ಸಾಯೋವರೆಗೂ.

“ಈಗ ಮನೆ ನನ್ನದು. ಎಲ್ಲೋ ಒಬ್ಬರು ನಿಮ್ಮ ಹಾಗೆ ನೆನೆದುಕೊಂಡು ಬರ್ತಾರೆ. ಬಂದವರನ್ನ ಮಳೇಲಿ ನಿಲ್ಲಿಸೋದು ನಮ್ಮೂರವರಿಗೆ ಬರಲ್ಲ. ಸ್ವಂತ ಮಕ್ಕಳನ್ನಾದ್ರೆ ನಿಲ್ಲಿಸ್ತೀವಿ.”

ಅಜ್ಜಿ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

“ಹಾಸಿಗೆ ಒಪ್ಪವಾಗಿದೆ ಅಂದ್ರಲ್ಲ… ಈ ಮಂಡಿ ಇಟ್ಕೊಂಡು ನಾನು ಮಹಡಿ ಹತ್ತಿ ಯಾವ ಕಾಲವಾಯ್ತು, ಹೇಳೋ ಎಮ್ರಿಸ್.”

ಎಮ್ರಿಸ್ ಹಿತ್ತಿಲ ಬಾಗಿಲ ಕಡೆ ನೋಡುತ್ತಿದ್ದ.

“ನಾಳೆ ಹೊರಡುವಾಗ ಒಂದು ಉಪಕಾರ ಮಾಡಿ. ಆ ಬಾಗಿಲಲ್ಲಿ ನಿಂತು, ‘ನಾನು ಹೊರಟೆ’ ಅಂತ ಗಟ್ಟಿಯಾಗಿ ಹೇಳಿ ಹೋಗಿ. ನಾನು ಕರೆದ್ರೆ ಬರಲ್ಲ, ನಾನೇನು ಅವಳ ಅಮ್ಮನೇ? ಹೋದ ಬೇಸಿಗೇಲಿ ಬಂದವನು ಹೇಳದೇ ಹೋಗಿಬಿಟ್ಟ… ಮಗು ಚಳಿಗಾಲ ಪೂರ್ತಿ ಶೆಡ್ಡಲ್ಲೇ ಇತ್ತು.”

ಮಳೆ ಒಂದು ಕ್ಷಣ ನಿಂತಿತು. ಅಜ್ಜಿ ಹಿತ್ತಿಲತ್ತ ಕಿವಿಗೊಟ್ಟು ಬೆರಳೆತ್ತಿದಳು.

“ಕೆಮ್ಮಲ್ಲ ಸ್ವಾಮಿ… ನುಂಗ್ತಾ ಇದೆ. ನೀವಿದ್ದೀರಲ್ಲ, ಅದಕ್ಕೆ.”