ಪುಸ್ತಕ ಮುಚ್ಚಿ ಬರಿ, ಹೌಸಾ

ಬಂದಿ? ಒಂದ ತಂಬಗಿ ನೀರ ತರಾಕ ಇಷ್ಟೊತ್ತ ಬೇಕೇನ? ನಾಳಿ ಹನ್ನೊಂದಕ ಅರ್ಥಶಾಸ್ತ್ರದ ಪೇಪರ್ ಐತಿ ಹೌಸಾ! ಕೂಡು. ಮತ್ತ ಗಿಳಿ ಉಲದಂಗ ಉಲೀಬ್ಯಾಡ. ಒಂದ ಪುಟ ಓದು, ಪುಸ್ತಕ ಮುಚ್ಚು, ತಿಳದದ್ದು ನಿನ್ನ ಮಾತಿನ್ಯಾಗ ಬರಿ. ಆಮ್ಯಾಲ ತೆರದು ನೋಡು. ಏನ ಬಿಟ್ಟಿರತಿ ನೋಡು, ಅದ ನಿನ್ನ ಅಭ್ಯಾಸ. ಬಂದದ್ದನ್ನ ಮತ್ತ ಮತ್ತ ಓದಿ ಖುಷಿ ಪಡೂದು ಅಭ್ಯಾಸಲ್ಲ...

ಏನಂದಿ? ಗೇಟಿನ್ಯಾಗ ಯಾರೋ ಬಂದಾರ? ನನ್ನ ಕೇಳಾಕತ್ತಾರ?

...ಇರ್ಲಿ ಬಿಡು. ಐತವಾರ, ಮಂದಿ ಬರತಾರ, ಹೋಗತಾರ. ಇಷ್ಟ ದೊಡ್ಡ ಬೋರ್ಡಿಂಗ್‌ನಾಗ ನಾನೊಬ್ಬಾಕಿನ ಮಾಣಿಕಬಾಯಿ ಏನು? ಕೂಡು ಅಂದೆ.

ನೀ ಅರ್ಧವರ್ಷದ ಪರೀಕ್ಷಾದಾಗ ಯಾಕ ನಪಾಸಾದಿ, ಹೇಳಲೇನು? ಕಾಲೇಜಿನ್ಯಾಗ ಸರ್ ಇಂಗ್ಲಿಷಿನ್ಯಾಗ ಗಡಗಡ ಹೇಳಿದ್ದೆಲ್ಲಾ ಬರಕೊಳ್ಳಾಕ ಹೋಗತಿ. ಕೈ ಓಡತೈತಿ, ತಲಿ ಮಲಗಿರತೈತಿ. ನಾಕ ಮುಖ್ಯ ಮಾತ ಬರಕೋ, ಅವತ್ತ ಸಂಜಿಗಿ ಕುಂತು ಬಿಡಿಸಿ ಬರಿ. ಬೆಲಿ ಏರಿದರ ಬೇಡಿಕಿ ಇಳೀತೈತಿ... ಗಡಹಿಂಗ್ಲಜ ಸಂತ್ಯಾಗ ನಿಮ್ಮವ್ವ ಬದನಿಕಾಯಿ ರೇಟು ಕೇಳಿ ಬುಟ್ಟಿ ಎತಗೊಂಡು ಮುಂದ ಹೋಗೂದು ನೋಡಿಲ್ಲೇನು? ಅದನ್ನ ಇಲ್ಲಿ ಹಚ್ಚು! ...ನಕ್ಕಿ ನೋಡು. ಇನ್ನ ಮರಿಯಂಗಿಲ್ಲ.

ಮತ್ತ ಯಾಕ ಖಿಡಕಿ ಕಡಿ ನೋಡತಿ?

ನನಗ ಯಾರ ಕಲಿಸಿದ್ರು ಇದನ್ನ? ನಮ್ಮವರ ಕಲಿಸಿದ್ರು, ಮತ್ಯಾರು? ಹೇಳೀನಲ್ಲ... ಐವತ್ತೆಂಟರಾಗ ಮದಿವ್ಯಾತು, ಅರವತ್ತರಾಗ ತೀರಿಕೊಂಡ್ರು. ಇಚಲಕರಂಜ್ಯಾಗ ಮನಿ. ಅವರು ಬಿ.ಎ. ಪರೀಕ್ಷಾಕ ಓದತಿದ್ರು. ನಾ ಮ್ಯಾಟ್ರಿಕ್ ಪಾಸಾಗೇ ಅತ್ತಿ ಮನಿಗಿ ಹೋದಾಕಿ. ನಾ ಓದಿ ಹೇಳತಿದ್ನಿ, ಅವರು ಕೇಳತಿದ್ರು. ಭಾಳ... ಭಾಳ ಚೊಲೊ ಮನಷ್ಯಾ...

ಹೌಸಾ. ಗೇಟಿನ್ಯಾಗ ಬಂದಾಂವ ಹೆಂಗದಾನ? ಸುಮ್ಮನ ಕೇಳಾಕತ್ತೇನಿ. ಎತ್ತರ? ಕರೀ ಟೊಪಿಗಿ ಹಾಕ್ಯಾರೇನು? ಮಾತಾಡಾಗ ಎಡಗಣ್ಣ ಸಣ್ಣ ಮಾಡ್ತಾರೇನು?

...ಏನಂದ್ರು? ಹೇಳು. ಇದ್ದದ್ದ ಇದ್ದಂಗ ಹೇಳು. "ನನ್ನ ಹೇಣ್ತಿನ್ನ ಕರೀರಿ" ಅಂದ್ರು?

ಹಿಂಗ ನನ್ನ ಹಣಿ ನೋಡಬ್ಯಾಡ, ಹೌಸಾ! ಬೈ, ಕೇಳು, ಏನರೆ ಮಾಡು...

ಹೌದು. ಸತ್ತಿಲ್ಲ. ಜೀವಂತ ಅದಾರ. ಕುಂಕುಮ ನಾನ ಒರಸಿಕೊಂಡೀನಿ, ಬಳಿ ನಾನ ಒಡಕೊಂಡೀನಿ, ನನ್ನ ಕೈಯಾರೆ. ಗಂಡನ್ನ ಬಿಟ್ಟ ಬಂದಾಕಿ ಅಂದ್ರ ಯಾರ ಜಾಗಾ ಕೊಡತಾರ? ವಿಧವಾ ಅಂದ್ರ ಪಾಪ ಅಂತ ಬಾಗಲಾ ತೆರೀತಾರ. ನೀನೂ ಪಾಪ ಅಂತನ ನನ್ನ ಖೋಲ್ಯಾಗ ಇರಾಕ ಬಂದಿಲ್ಲೇನು?

ಅವರು ಎರಡನೇ ಸಲ ನಪಾಸಾಗಿ ಬಂದ ದಿನಾ ನನಗ ಪೇಪರ್ ತೋರಿಸಿದ್ರು. ನೋಡಿದ್ನಿ. "ಇದು ನನಗ ಬರತಿತ್ತಲ್ರಿ" ಅಂದ್ನಿ. ಅಷ್ಟ. ಬಾಯಿ ತಪ್ಪಿ ಬಂತು. ನಾ ಬರದಿಟ್ಟ ವಹಿ ಎಲ್ಲಾ ಬಚ್ಚಲ ಒಲಿಗಿ ಹಾಕಿದ್ರು. ಪುಸ್ತಕ ಟ್ರಂಕಿನ್ಯಾಗಿಟ್ಟು ಕೀಲಿ ಜಡದ್ರು. ಕೈಮ್ಯಾಲ ಈ ಸುಟ್ಟ ಕಲಿ... ಎಣ್ಣಿ ಸಿಡದದ್ದು ಅಂತ ಹೇಳಿದ್ನಲ್ಲ, ಎಣ್ಣಿ ಅಲ್ಲ. ಅವತ್ತಿಂದ ಒಂದೂವರಿ ವರ್ಷ ಇದ್ದಲಿ ಹಿಡದು ಅಡಗಿಮನಿ ಹಾಸಗಲ್ಲಿನ ಮ್ಯಾಲ ನೆನಪಿನಿಂದ ಬರದ್ನಿ. ಹೆಜ್ಜಿ ಸಪ್ಪಳಾದ ಕೂಡಲೇ ಅಳಸಿದ್ನಿ. ಮತ್ತ ಬರದ್ನಿ. ಅವರ ಕಲಿಸಿದ್ರು ಅಂದದ್ದು ಪೂರಾ ಸುಳ್ಳಲ್ಲ ನೋಡು.

ಪರೀಕ್ಷಾ ನಾಳಿ ಅಂತ ಅವರಿಗಿ ಗೊತ್ತೈತಿ. ಅದಕ್ಕ ಇವತ್ತ ಬಂದಾರ.

ಏನು, ಎಲ್ಲಿಗಿ ಹೊಂಟಿ? "ಮಾಣಿಕಬಾಯಿ ಊರಿಗಿ ಹೋಗ್ಯಾಳ" ಅಂತ ಹೇಳಿ ಬರತಿ? ಬ್ಯಾಡ... ಬ್ಯಾಡವ್ವಾ. ಸುಳ್ಳ ನಂದೊಬ್ಬಾಕೀದ ಸಾಕು. ಕೈ ಬಿಡು, ನಾನ ಹೋಗತೇನಿ. ಮೊದಲ ಬೋರ್ಡಿಂಗ್ ನೋಡಿಕೊಳ್ಳೂ ರೆಕ್ಟರ್ ಬಾಯಾರ ಖೋಲಿಗಿ. ಎಲ್ಲಾ ಹೇಳತೇನಿ. ಹೊರಗ ಹಾಕಿದ್ರ ಹಾಕಲಿ... ನಾಳಿ ಪೇಪರ್ ಮುಗಿಯೂತನಕ ಇರಾಕ ಬಿಡ್ರಿ ಅಂತೇನಿ. ಆಮ್ಯಾಲ ಗೇಟಿಗಿ.

ಅಲ್ಲಿ ಏನ ಹೇಳಲಿ ಅಂತೀಯಾ?

"ಬಾಪೂಸಾಹೇಬ, ನಾ ಬರಂಗಿಲ್ಲ."

...ಕೇಳಿದೇನು ಹೌಸಾ? ಮದಿವ್ಯಾಗಿ ನಾಕ ವರ್ಷಾತು. ಅವರ ಹೆಸರು ನನ್ನ ಬಾಯಾಗ ಇವತ್ತ ಮೊದಲ ಸಲ ಬಂತು.